ಮನೆಯಂಗಳದ ಪರದೇಶ: ಫರಂಗಿಪೇಟೆಯಿಂದ ಮೂಡುಬಿದಿರೆಯವರೆಗೆ

1801ರ ಮೊದಲ ತಿಂಗಳುಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮಂಗಳೂರಿನಿಂದ ಹೊರಟು ನೇತ್ರಾವತಿಯ ದಂಡೆಯನ್ನು ಹಿಡಿದು ಪೂರ್ವಾಭಿಮುಖವಾಗಿ ಸಾಗಿದನು. ಶ್ರೀರಂಗಪಟ್ಟಣ ಪತನವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಹೊಸದಾಗಿ ಕೈಸೇರಿದ ನಾಡಿನಲ್ಲಿ ಏನು ಬೆಳೆಯುತ್ತದೆ, ಯಾರು ವಾಸಿಸುತ್ತಾರೆ, ತೆರಿಗೆ ಎಷ್ಟು ಹುಟ್ಟೀತು ಎಂಬುದನ್ನು ತಿಳಿದು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಆತನನ್ನು ನೇಮಿಸಿದ್ದನು. ಮದರಾಸಿನಿಂದ ಆರಂಭವಾದ ಆ ಪ್ರವಾಸದ ವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅದರ ಮೂರನೆಯ ಸಂಪುಟದಲ್ಲಿ ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ ಎಂಬ ಊರುಗಳು ವಿಚಿತ್ರ ಕಾಗುಣಿತಗಳಲ್ಲಿ ಕಾಣಿಸಿಕೊಳ್ಳುತ್ತವೆ. ತುಳುನಾಡಿನ ಇತಿಹಾಸವನ್ನು ಅಭ್ಯಸಿಸುವವರಿಗೆ ಈ ಪುಟಗಳು ಇಂದಿಗೂ ಅಗತ್ಯವಾದ ಆಕರ.

ಈ ಹಾದಿಯ ಮೊದಲ ಭಾಗವನ್ನು, ಎಂದರೆ ಫರಂಗಿಪೇಟೆಯಿಂದ ಮೂಡುಬಿದಿರೆಯವರೆಗಿನ ಸುಮಾರು 80 ಕಿಲೋಮೀಟರುಗಳನ್ನು, ಕಳೆದ ರಜೆಯಲ್ಲಿ ಮಗಳೊಂದಿಗೆ ಒಂದು ದಿನದಲ್ಲಿ ಕ್ರಮಿಸಿದೆ. ಅವಳು ಏಳನೆಯ ತರಗತಿಯಲ್ಲಿ ಓದುತ್ತಾಳೆ. ಸಹಪಾಠಿಗಳಲ್ಲಿ ಕೆಲವರು ದುಬೈ, ಸಿಂಗಾಪುರಗಳನ್ನು ನೋಡಿ ಬಂದಿದ್ದರಿಂದ ತನ್ನನ್ನೂ ಪರದೇಶಕ್ಕೆ ಕರೆದೊಯ್ಯಬೇಕೆಂಬುದು ಅವಳ ಬೇಡಿಕೆಯಾಗಿತ್ತು. ಪರದೇಶವನ್ನು ತೋರಿಸುತ್ತೇನೆಂದು ಹೇಳಿ ನಾನು ಅವಳನ್ನು ಕರೆದೊಯ್ದದ್ದು ಮನೆಯಿಂದ ಅರ್ಧ ಗಂಟೆಯ ದೂರದಲ್ಲಿದ್ದ ಫರಂಗಿಪೇಟೆಗೆ. ಮೊದಲಿಗೆ ಅವಳಿಗೆ ಇದು ವಂಚನೆಯೆಂದೇ ತೋರಿತು. ಆದರೆ ದಿನವಿಡೀ ಅವಳು ಕೇಳಿದ ಪ್ರಶ್ನೆಗಳು ನಮ್ಮ ಜಿಲ್ಲೆಯ ಚರಿತ್ರೆಯ ಒಂದು ಮೂಲಭೂತ ತೊಡಕನ್ನು ಎತ್ತಿ ತೋರಿಸಿದವು. ಈ ನಾಡಿನಲ್ಲಿ ‘ನಮ್ಮವರು’ ಯಾರು, ‘ಪರದೇಶಿಗಳು’ ಯಾರು? ಪಠ್ಯಪುಸ್ತಕದಲ್ಲಿ ಪೋರ್ತುಗೀಸರು ಒಂದು ಅಧ್ಯಾಯ, ಜೈನಧರ್ಮ ಮತ್ತೊಂದು, ಮೈಸೂರು ಯುದ್ಧಗಳು ಇನ್ನೊಂದು. ರಸ್ತೆಯ ಮೇಲೆ ಇವು ಮೂರೂ ಒಂದೇ ದಿನದಲ್ಲಿ ಒಂದರ ಪಕ್ಕದಲ್ಲೊಂದು ಎದುರಾಗುತ್ತವೆ. ಆ ಅನುಕ್ರಮದಲ್ಲಿಯೇ ಇಲ್ಲಿ ಕೆಲವು ವಿಚಾರಗಳನ್ನು ನಿರೂಪಿಸಲು ಯತ್ನಿಸಿದ್ದೇನೆ.

ಫರಂಗಿ ಎಂಬ ಹೆಸರು

ಫರಂಗಿಪೇಟೆಯು ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ, ಮಂಗಳೂರಿನಿಂದ ಸುಮಾರು 15 ಕಿಲೋಮೀಟರ್ ಪೂರ್ವಕ್ಕೆ, ನೇತ್ರಾವತಿಯ ಉತ್ತರ ದಂಡೆಯಲ್ಲಿದೆ. ಬಸ್ಸಿನಲ್ಲಿ ಹೋಗುವವರಿಗೆ ಅದು ಅಂಗಡಿ ಸಾಲುಗಳ ಒಂದು ಸಣ್ಣ ಪೇಟೆ. ‘ಫರಂಗಿ ಎಂದರೆ ಯಾರು?’ ಎಂಬುದು ಮಗಳ ಮೊದಲ ಪ್ರಶ್ನೆ.

ಪದದ ಮೂಲ ಬಹುದೂರದ್ದು. ಯುರೋಪಿನ ಫ್ರಾಂಕ್ ಜನಾಂಗದ ಹೆಸರನ್ನು ಅರಬರು ಶಿಲುಬೆಯುದ್ಧಗಳ ಕಾಲಕ್ಕೆ ಪಶ್ಚಿಮದ ಎಲ್ಲ ಕ್ರೈಸ್ತರಿಗೂ ಅನ್ವಯಿಸಿದರು. ಅರಬ್ಬಿಯ ‘ಫಿರಂಜ್’ ಪಾರಸಿಯಲ್ಲಿ ‘ಫರಂಗ್’ ಆಯಿತು. ಸಮುದ್ರ ವ್ಯಾಪಾರಿಗಳ ಬಾಯಿಯಿಂದ ನಮ್ಮ ಕರಾವಳಿಗೆ ಬಂದಾಗ ಅದು ಪೋರ್ತುಗೀಸರ ಹೆಸರಾಯಿತು. ಅವರು ತಂದ ತೋಪು ‘ಪಿರಂಗಿ’ಯಾಯಿತು, ಅಮೆರಿಕದಿಂದ ಅವರ ಮೂಲಕ ಬಂದ ಹಣ್ಣು ಮೈಸೂರು ಸೀಮೆಯಲ್ಲಿ ‘ಪರಂಗಿ ಹಣ್ಣು’ ಆಯಿತು. ಪಾದ್ರಿ, ಇಗರ್ಜಿ, ಚಾವಿ, ಅಲಮಾರು ಮುಂತಾದ ಪದಗಳು ಅದೇ ಹಡಗುಗಳಲ್ಲಿ ಬಂದವು. ಗೇರುಮರವೂ ಬ್ರೆಜಿಲ್‌ನಿಂದ ಅವರೊಂದಿಗೇ ಬಂತು. ಗೇರುಬೀಜವಿಲ್ಲದ ತುಳುನಾಡನ್ನು ಇಂದು ಕಲ್ಪಿಸಿಕೊಳ್ಳುವುದು ಕಷ್ಟ.

ಇಲ್ಲಿನ ಮೊಂತೆ ಮಾರಿಯಾನೊ ಇಗರ್ಜಿಯ ಮೂಲವನ್ನು ಪರಂಪರೆಯು 1526ಕ್ಕೆ, ಪೋರ್ತುಗೀಸ್ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಕಾಲಕ್ಕೆ ಕೊಂಡೊಯ್ಯುತ್ತದೆ. ಈಗ ಅಲ್ಲಿ ಕಪುಚಿನ್ ಸಂನ್ಯಾಸಿಗಳ ಆಶ್ರಮವಿದೆ. ಇಷ್ಟನ್ನು ಹೇಳಿದರೆ ಪ್ರಶ್ನೆಗೆ ಉತ್ತರ ದೊರೆತಂತಾಗುತ್ತದೆ. ಪೋರ್ತುಗೀಸರು ಬಂದರು, ಪೇಟೆ ಕಟ್ಟಿದರು, ಹೆಸರು ಉಳಿಯಿತು. ಆದರೆ ಬುಕಾನನ್ ಕೊಡುವ ವಿವರಣೆ ಬೇರೆ. ಅರ್ಕುಳವೆಂಬ ಹೆಸರೂ ಉಳ್ಳ ಈ ಸ್ಥಳದಲ್ಲಿ ಮುಖ್ಯವಾಗಿ ನೆಲೆಸಿದ್ದವರು ಕೊಂಕಣದ ಕ್ರೈಸ್ತರು, ಅವರನ್ನು ಇಲ್ಲಿಗೆ ಆಹ್ವಾನಿಸಿದವರು ಇಕ್ಕೇರಿಯ ಅರಸರು ಎಂದು ಆತನು ಬರೆಯುತ್ತಾನೆ. ಆತನು ನೋಡುವ ಹೊತ್ತಿಗೆ ಹಿಂದೆ ದೊಡ್ಡದಾಗಿದ್ದ ಪೇಟೆಯು ಹಾಳುಬಿದ್ದಿತ್ತು.

ಈ ಮಾತು ಮಹತ್ತ್ವದ್ದು. ಗೋವೆಯಲ್ಲಿ 1560ರಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್‌ನ ಕಠೋರತೆ, ಬರಗಾಲ, ತೆರಿಗೆಯ ಭಾರ, ಮುಂದೆ ಮರಾಠರ ದಾಳಿಗಳು ಇವುಗಳಿಂದ ನೊಂದ ಕೊಂಕಣಿ ಭಾಷಿಕರು ಅಲೆ ಅಲೆಯಾಗಿ ದಕ್ಷಿಣಕ್ಕೆ ಬಂದರು. ಅವರಲ್ಲಿ ಹಿಂದೂಗಳೂ ಇದ್ದರು, ಮತಾಂತರಗೊಂಡ ಕ್ರೈಸ್ತರೂ ಇದ್ದರು. ಬೇಸಾಯದಲ್ಲಿ ನುರಿತ ಈ ಕ್ರೈಸ್ತರಿಗೆ ಕೆಳದಿಯ ಅರಸರು ಭೂಮಿಯನ್ನು ಕೊಟ್ಟು ನೆಲೆಗೊಳಿಸಿದರು. ಆ ಅರಸರು ವೀರಶೈವರು. ಬಂದವರ ಹೆಸರು ಪೋರ್ತುಗೀಸ್ ರೀತಿಯದು, ಮನೆಮಾತು ಕೊಂಕಣಿ, ಉಣ್ಣುವ ಅನ್ನ ಇದೇ ಗದ್ದೆಯದು. ಪೋರ್ತುಗೀಸರ ಮತದ ಕಾರಣದಿಂದ ಅವರು ‘ಫರಂಗಿ’ಗಳಾದರು, ಆದರೆ ಪೋರ್ತುಗೀಸರ ಇನ್‌ಕ್ವಿಸಿಷನ್‌ನಿಂದಲೇ ತಪ್ಪಿಸಿಕೊಂಡು ಬಂದವರೂ ಅವರಲ್ಲಿದ್ದರು.

‘ಹಾಗಾದರೆ ಫರಂಗಿಪೇಟೆಯ ಫರಂಗಿಗಳು ಫರಂಗಿಗಳೇ ಅಲ್ಲವಲ್ಲ?’ ಎಂದಳು ಮಗಳು. ಹೌದು, ಬಹುಪಾಲು ಅಲ್ಲ. ಸ್ಥಳನಾಮವು ಚರಿತ್ರೆಯ ಸಾಕ್ಷಿ ಎಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಆ ಸಾಕ್ಷಿಯು ಅಲ್ಲಿ ವಾಸಿಸಿದವರ ಗುರುತನ್ನು ಹೇಳುವುದಕ್ಕಿಂತ ಹೆಚ್ಚಾಗಿ ನೆರೆಯವರು ಅವರನ್ನು ಹೇಗೆ ಕಂಡರೆಂಬುದನ್ನು ಹೇಳುತ್ತದೆ ಎಂಬುದನ್ನೂ ಜೊತೆಗೆ ಹೇಳಬೇಕು.

ಹೆಸರಿಗೆ ಬೆಲೆ ತೆರಬೇಕಾದ ಕಾಲವೂ ಬಂತು. 1783ರಲ್ಲಿ ಇಂಗ್ಲಿಷರು ಮಂಗಳೂರಿನ ಕೋಟೆಯನ್ನು ಹಿಡಿದಾಗ ಈ ಕ್ರೈಸ್ತರು ಅವರಿಗೆ ನೆರವಾದರೆಂಬ ಸಂಶಯ ಟಿಪ್ಪು ಸುಲ್ತಾನನಿಗೆ ಬಂತು. 1784ರ ಬೂದಿ ಬುಧವಾರದಂದು ಕೆನರಾದ ಕ್ರೈಸ್ತರ ಬಂಧನ ನಡೆಯಿತು ಎಂದು ಪರಂಪರೆ ಹೇಳುತ್ತದೆ. ಕುಟುಂಬ ಸಮೇತರಾಗಿ ಅವರನ್ನು ಘಟ್ಟದ ಮೇಲಿನ ಹಾದಿಯಲ್ಲಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಮೂಲಗಳು ಒಂದಕ್ಕೊಂದು ಹೊಂದುವುದಿಲ್ಲವಾದರೂ ಹತ್ತಾರು ಸಾವಿರ ಜನ ಎಂಬುದರಲ್ಲಿ ಅವು ಒಮ್ಮತವಾಗಿವೆ. ಮೊಂತೆ ಮಾರಿಯಾನೊ ಇಗರ್ಜಿಯ ಪಾದ್ರಿ ಜೋವಾಕಿಂ ದ ಮಿರಾಂದ ಅವರನ್ನು ಇತರ ಪಾದ್ರಿಗಳೊಂದಿಗೆ ಗೋವೆಗೆ ಗಡೀಪಾರು ಮಾಡಲಾಯಿತು. ಉಳಿದವರು ಮರಳಿದ್ದು 1799ರ ನಂತರ, ಹದಿನೈದು ವರ್ಷಗಳ ಮೇಲೆ. ಬುಕಾನನ್ ಕಂಡ ಹಾಳು ಪೇಟೆ ಈ ಘಟನೆಯ ಶೇಷ.

ಹನ್ನೆರಡು ವರ್ಷದ ಮಗುವಿಗೆ ಇದನ್ನು ಹೇಳುವುದು ಹೇಗೆ ಎಂಬ ಸಂಕೋಚ ನನಗಿತ್ತು. ಹೇಳದೆ ಮುಂದೆ ಹೋದರೆ ಇಗರ್ಜಿಯ ಹಳೆಯತನವನ್ನಷ್ಟೇ ತೋರಿಸಿದಂತಾಗುತ್ತಿತ್ತು. ಇಷ್ಟನ್ನೇ ಹೇಳಿ ಮುಗಿಸಿದರೂ ಅಪೂರ್ಣ. ಈ ಪ್ರಸಂಗದ ಇನ್ನೊಂದು ತುದಿ ಇರುವುದು ಮೂಡುಬಿದಿರೆಯ ಬಳಿಯಲ್ಲಿ. ಅಲ್ಲಿಗೆ ತಲುಪಿದಾಗ ಹೇಳುತ್ತೇನೆಂದು ಅವಳಿಗೆ ಮಾತು ಕೊಟ್ಟು ಮುಂದೆ ಸಾಗಿದೆ.

ನದಿಯ ಹಾದಿಯಲ್ಲಿ ಇನ್ನೊಬ್ಬ ತಂದೆ, ಇನ್ನೊಬ್ಬ ಮಗಳು

ಬಂಟ್ವಾಳವು ನೇತ್ರಾವತಿಯ ಮೇಲಿನ ಹಳೆಯ ವ್ಯಾಪಾರಸ್ಥಳ. ಘಟ್ಟದಿಂದ ಇಳಿದ ಸರಕುಗಳು ಇಲ್ಲಿ ದೋಣಿಯೇರಿ ಮಂಗಳೂರಿನ ಅಳಿವೆಗೆ ಹೋಗುತ್ತಿದ್ದವು. ಮಕ್ಕಳ ಸಾಹಿತ್ಯಕ್ಕೆ ಕನ್ನಡದಲ್ಲಿ ಗೌರವ ತಂದುಕೊಟ್ಟ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ ಊರೂ ಇದೇ. ನದಿಯ ಕಡೆಗೆ ತೆರೆದ ಹಳೆಯ ಪೇಟೆಯ ಬೀದಿಯಲ್ಲಿ ನಿಂತು ನಾನು ಮಗಳಿಗೆ ಹೇಳಿದ್ದು ಫರಂಗಿಗಳಿಗಿಂತ ಮೂರೂವರೆ ಶತಮಾನ ಹಿಂದಿನ ಸಂಗತಿಯನ್ನು.

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜೂ ಎಂಬ ಯಹೂದಿ ವರ್ತಕನು ಮಂಗಳೂರಿನಲ್ಲಿ ಸುಮಾರು 17 ವರ್ಷ ವಾಸವಾಗಿದ್ದನು. ಉತ್ತರ ಆಫ್ರಿಕದ ಮಹ್ದಿಯಾ ಅವನ ಹುಟ್ಟೂರು. ಕೈರೋದ ಹಳೆಯ ಸಿನೆಗಾಗ್ ಒಂದರ ಕಾಗದದ ಉಗ್ರಾಣದಲ್ಲಿ ಉಳಿದಿದ್ದ ಪತ್ರಗಳಲ್ಲಿ ಅವನ ವ್ಯವಹಾರಗಳು ಬೆಳಕಿಗೆ ಬಂದವು. ಎಸ್. ಡಿ. ಗೋಯ್ಟೈನ್ ಅವುಗಳನ್ನು ಸಂಶೋಧಿಸಿದರು, ಅಮಿತಾವ್ ಘೋಷ್ ಅವರ ಗ್ರಂಥದಿಂದ ಅವು ಸಾಮಾನ್ಯ ಓದುಗರಿಗೂ ಪರಿಚಿತವಾದವು. ಬೆನ್ ಯಿಜೂವಿಗೆ ಮಂಗಳೂರಿನಲ್ಲಿ ಕಂಚಿನ ಪಾತ್ರೆಗಳ ಕಾರ್ಯಾಗಾರವಿತ್ತು. ಮೆಣಸು, ಏಲಕ್ಕಿ, ಕಬ್ಬಿಣಗಳನ್ನು ಅವನು ಏಡನ್‌ಗೆ ಕಳುಹಿಸುತ್ತಿದ್ದನು. ಏಡನ್‌ನ ಮಿತ್ರರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ಕಳುಹಿಸುತ್ತಿದ್ದರು. ತುಳುನಾಡನ್ನು ಆಗ ಆಳುತ್ತಿದ್ದವರು ಆಳುಪರು. ಆ ಮೆಣಸಿನ ಸ್ವಲ್ಪ ಭಾಗವಾದರೂ ಈ ನದಿಯ ದೋಣಿಗಳಲ್ಲಿ ಇಳಿದಿರಬೇಕೆಂದು ಊಹಿಸುವುದು ಅಸಂಗತವಲ್ಲ.

1132ರ ಅಕ್ಟೋಬರದಲ್ಲಿ ಮಂಗಳೂರಿನಲ್ಲಿ ಬರೆದ ಒಂದು ಪತ್ರದ ಪ್ರಕಾರ ಅವನು ಆಶು ಎಂಬ ದಾಸಿಯನ್ನು ವಿಮುಕ್ತಗೊಳಿಸಿದನು. ಅವಳೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರು ಗ್ರಹಿಸುತ್ತಾರೆ. 1149ರಲ್ಲಿ ಅವನು ಮಕ್ಕಳೊಂದಿಗೆ ಏಡನ್‌ಗೆ ಮರಳಿದನು. ಅಲ್ಲಿಂದ ತಮ್ಮಂದಿರಿಗೆ ಬರೆದ ಪತ್ರದಲ್ಲಿ ಮಕ್ಕಳ ಮಾತಿದೆ, ತಾಯಿಯ ಮಾತಿಲ್ಲ. ಮಗನೊಬ್ಬನು ಯೆಮನಿನಲ್ಲಿ ತೀರಿಕೊಂಡನು. ಉಳಿದ ಮಗಳ ಹೆಸರು ಸಿತ್ತ್ ಅಲ್ ದಾರ್, ಎಂದರೆ ಮನೆಯೊಡತಿ. ತಂದೆಯು ಯೆಮನಿನ ಒಳನಾಡಿನಲ್ಲಿದ್ದಾಗ ಮೂರು ವರ್ಷ ಅವಳು ಏಡನ್‌ನ ಮಿತ್ರನೊಬ್ಬನ ಮನೆಯಲ್ಲಿ ಬೆಳೆದಳು. ಕೊನೆಗೆ ತಂದೆಯೊಂದಿಗೆ ಈಜಿಪ್ಟಿಗೆ ಹೋದ ಅವಳಿಗೆ 1156ರಲ್ಲಿ ಹಳೆಯ ಕೈರೋ ಎಂದರೆ ಫುಸ್ತಾತಿನಲ್ಲಿ ಚಿಕ್ಕಪ್ಪನ ಮಗನೊಂದಿಗೆ ವಿವಾಹವಾಯಿತು.

ಈ ಕಥೆಯಲ್ಲಿ ಪರದೇಶ ಯಾವುದು? ತಂದೆಗೆ ಮಂಗಳೂರು ಪರದೇಶ. ತುಳುನಾಡಿನಲ್ಲಿ ಹುಟ್ಟಿದ ಮಗಳಿಗೆ ತಂದೆಯ ನಾಡೇ ಪರದೇಶ. ತಂದೆ ಮಕ್ಕಳಿಬ್ಬರೂ ಒಂದೇ ಹಡಗಿನಲ್ಲಿ ಕುಳಿತಿದ್ದಾರೆ, ಒಬ್ಬನು ಊರಿಗೆ ಮರಳುತ್ತಿದ್ದಾನೆ, ಒಬ್ಬಳು ಊರನ್ನು ಬಿಡುತ್ತಿದ್ದಾಳೆ. ‘ಅವಳು ತುಳು ಮಾತಾಡುತ್ತಿದ್ದಳೇ?’ ಎಂದು ನನ್ನ ಮಗಳು ಕೇಳಿದಳು. ಪತ್ರಗಳು ವ್ಯಾಪಾರಿಗಳವು, ಮಕ್ಕಳ ಮಾತನ್ನು ಅವು ದಾಖಲಿಸಿಲ್ಲ. ಆದರೂ ಇದು ಸಂಶೋಧಕರೂ ಕೇಳಬೇಕಾದ ಪ್ರಶ್ನೆ. ಕರಾವಳಿಯ ವಿದೇಶ ಸಂಬಂಧಗಳ ಚರಿತ್ರೆಯಲ್ಲಿ ನಾವು ಸರಕುಗಳ ಪಟ್ಟಿಯನ್ನು ಬಹಳ ಮಾಡಿದ್ದೇವೆ. ಆಶುವಿನಂಥ ತಾಯಂದಿರನ್ನು, ಎರಡು ನಾಡುಗಳ ನಡುವೆ ಹಂಚಿಹೋದ ಮಕ್ಕಳನ್ನು ಹುಡುಕಿದ್ದು ಕಡಿಮೆ.

ವೇಣೂರು: ತಲುಪದ ಊರು, ದೊರೆತ ದರ್ಶನ

ಬಂಟ್ವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳ ಮೂಲಕ ರಸ್ತೆ ಬೆಳ್ತಂಗಡಿಯತ್ತ ಏರುತ್ತದೆ. ಅಲ್ಲಿ ಆಕಾಶಕ್ಕೆ ಎದ್ದು ನಿಂತ ಗಡಾಯಿಕಲ್ಲಿನ ಮೇಲೆ ಟಿಪ್ಪು 1794ರಲ್ಲಿ ಕೋಟೆಯನ್ನು ಕಟ್ಟಿಸಿ ಜಮಾಲಾಬಾದ್ ಎಂದು ಕರೆದನು. ದೂರದಿಂದಲೇ ಅದನ್ನು ನೋಡಿ ನಾವು ಗುರುವಾಯನಕೆರೆಗೆ ಹಿಂದಿರುಗಿ ವೇಣೂರಿನ ಹಾದಿ ಹಿಡಿದೆವು.

ಫಲ್ಗುಣಿ ನದಿಯ ದಂಡೆಯ ವೇಣೂರು ಅಜಿಲ ಅರಸರ ರಾಜಧಾನಿ. ಇಲ್ಲಿನ 35 ಅಡಿಯ ಏಕಶಿಲಾ ಬಾಹುಬಲಿ ಮೂರ್ತಿಯನ್ನು ತಿಮ್ಮರಾಜ ಅಜಿಲನು 1604ರಲ್ಲಿ ಪ್ರತಿಷ್ಠಾಪಿಸಿದನು. ಶ್ರವಣಬೆಳಗೊಳದ ಚಾರುಕೀರ್ತಿ ಸ್ವಾಮಿಗಳ ಪ್ರೇರಣೆಯಿಂದ ಈ ಕಾರ್ಯ ನಡೆಯಿತೆಂದು ಶಾಸನ ಹೇಳುತ್ತದೆ. ಅದು ತಿಮ್ಮರಾಜನನ್ನು ರಾಯಕುವರನ ಅಳಿಯನೆಂದೂ ಪಾಂಡ್ಯಕದೇವಿಯ ಮಗನೆಂದೂ ಪರಿಚಯಿಸುತ್ತದೆ. ತಂದೆಯ ಹೆಸರನ್ನು ನಿರೀಕ್ಷಿಸುವ ಕಡೆಯಲ್ಲಿ ಮಾವನ ಮತ್ತು ತಾಯಿಯ ಹೆಸರುಗಳಿರುವುದು ತುಳುನಾಡಿನ ಅಳಿಯಸಂತಾನದ ಕ್ರಮ. ಇದನ್ನು ಗಮನಿಸದೆ ಬಂಗ, ಚೌಟ, ಅಜಿಲ ಮನೆತನಗಳ ವಂಶಾವಳಿಯನ್ನು ಬರೆಯಹೊರಟವರು ತಂದೆ ಮಗ ಸಂಬಂಧವಿಲ್ಲದ ಕಡೆ ಅದನ್ನು ಕಲ್ಪಿಸಿದ ಉದಾಹರಣೆಗಳಿವೆ.

ಶಾಸನವು ತಿಮ್ಮರಾಜನನ್ನು ಚಾಮುಂಡನ ಕುಲದವನೆಂದೂ ಕರೆಯುತ್ತದೆ. ಹೀಗಾಗಿ ಇಲ್ಲಿ ಚಾಮುಂಡರಾಯನ ಪ್ರಯಾಣದ ಕಥೆಯನ್ನು ನೆನೆಯುವುದು ಉಚಿತ. ಜೈನ ಪರಂಪರೆಯು ತಾಯಿಮಗನ ಆ ಯಾತ್ರೆಯನ್ನು ಹಲವು ಕೃತಿಗಳಲ್ಲಿ ಕಾಪಾಡಿಕೊಂಡು ಬಂದಿದೆ. ಪೌದನಪುರದಲ್ಲಿ ಭರತ ಚಕ್ರವರ್ತಿ ನಿಲ್ಲಿಸಿದ ಬಾಹುಬಲಿಯ ಮೂರ್ತಿಯಿದೆಯೆಂದು ಕೇಳಿದ ಕಾಳಲಾದೇವಿಯು ಅದನ್ನು ನೋಡುವ ತನಕ ಹಾಲು ಕುಡಿಯುವುದಿಲ್ಲವೆಂದು ವ್ರತ ತೊಟ್ಟಳು. ಮಗನು ತಾಯಿಯನ್ನು ಕರೆದುಕೊಂಡು ಹೊರಟನು. ದಾರಿಯಲ್ಲಿ ಬೆಳಗೊಳದಲ್ಲಿ ತಂಗಿದಾಗ, ಪೌದನಪುರದ ಮೂರ್ತಿಯು ಕುಕ್ಕುಟಸರ್ಪಗಳಿಂದ ಮುಚ್ಚಿಹೋಗಿ ಮನುಷ್ಯರಿಗೆ ಅಗೋಚರವಾಗಿದೆಯೆಂದೂ ಎದುರಿನ ಬೆಟ್ಟಕ್ಕೆ ಬಾಣ ಬಿಟ್ಟರೆ ಅಲ್ಲಿಯೇ ದರ್ಶನವಾಗುವುದೆಂದೂ ಕನಸಾಯಿತು. ಅವರು ಹೊರಟ ಊರನ್ನು ತಲುಪಲೇ ಇಲ್ಲ. ನಿಂತ ಊರಿನಲ್ಲಿಯೇ ದೂರದ ಮೂರ್ತಿಯು ಮೂಡಿತು. ಹತ್ತನೆಯ ಶತಮಾನದ ಆ ಬೆಳಗೊಳದ ಬಾಹುಬಲಿಯನ್ನು ಅನುಸರಿಸಿ 1432ರಲ್ಲಿ ಕಾರ್ಕಳದಲ್ಲಿ, 1604ರಲ್ಲಿ ವೇಣೂರಿನಲ್ಲಿ ಮೂರ್ತಿಗಳು ನಿಂತವು. ಪರದೇಶವನ್ನು ಕೇಳಿದ ಮಗಳಿಗೆ ಈ ಕಥೆ ಬೇಗನೆ ಅರ್ಥವಾಯಿತು.

ಆದರೆ ವೇಣೂರಿನ ಇನ್ನೊಂದು ಪ್ರಸಂಗವನ್ನು ಬಿಡಲಾಗದು. ಇಲ್ಲಿ ಬಾಹುಬಲಿ ನಿಂತರೆ ತನ್ನ ಕಾರ್ಕಳದ ಕೀರ್ತಿ ಕುಂದುವುದೆಂದು ಬಗೆದ ಕಾರ್ಕಳದ ಭೈರವ ಅರಸನು ಮೂರ್ತಿಯನ್ನು ತನಗೆ ಒಪ್ಪಿಸಬೇಕೆಂದು ಕೇಳಿದನೆಂದೂ, ಅಜಿಲನು ಒಪ್ಪದಿದ್ದಾಗ ಯುದ್ಧವಾಯಿತೆಂದೂ, ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹುದುಗಿಸಿ ರಕ್ಷಿಸಿದರೆಂದೂ ಐತಿಹ್ಯವಿದೆ. ಯುದ್ಧವನ್ನು ತೊರೆದು ರಾಜ್ಯವನ್ನೇ ತ್ಯಜಿಸಿದವನ ಮೂರ್ತಿಗಾಗಿ, ಅವನನ್ನೇ ಪೂಜಿಸುವ ಇಬ್ಬರು ಅರಸರು ಕಾದಾಡಿದರು! ಒಂದೇ ಧರ್ಮ, ಒಂದೇ ಭಾಷೆ, ಒಂದೇ ಗುರುಪರಂಪರೆಗಳು ನೆರೆಯವರ ನಡುವೆ ಶಾಂತಿಯನ್ನು ಖಾತರಿಪಡಿಸಲಿಲ್ಲ. ನಮ್ಮ ಸಮಾಜದ ಹಿರಿಮೆಯನ್ನು ಬರೆಯುವಾಗ ಈ ಐತಿಹ್ಯವನ್ನು ಮರೆಮಾಚುವ ರೂಢಿ ಸರಿಯಲ್ಲ.

ಮೂಡುಬಿದಿರೆಯ ಜಿರಾಫೆ

ವೇಣೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳಿವೆ. ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಉಳಿಸಿಕೊಟ್ಟ ಊರು ಇದು. ಇಲ್ಲಿನ ತ್ರಿಭುವನ ತಿಲಕ ಚೂಡಾಮಣಿ ಬಸದಿಯನ್ನು, ಎಂದರೆ ಸಾವಿರ ಕಂಬದ ಬಸದಿಯನ್ನು, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, 1430ರಲ್ಲಿ ಕಟ್ಟಲಾರಂಭಿಸಿದರು. ಕಟ್ಟಿಸಿದವರಲ್ಲಿ ಊರಿನ ಸೆಟ್ಟಿಗಳದು, ವರ್ತಕ ಸಮುದಾಯದ್ದು, ದೊಡ್ಡ ಪಾಲು. ಮುಂಭಾಗದ ಭೈರಾದೇವಿ ಮಂಟಪವು ಕೆಲವು ದಶಕಗಳ ಬಳಿಕ ಸೇರಿತು.

ಈ ಮಂಟಪದ ಅಧಿಷ್ಠಾನದಲ್ಲಿ ಕೆತ್ತಿರುವ ಎರಡು ಪ್ರಾಣಿಗಳನ್ನು ಮಕ್ಕಳು ತಪ್ಪದೆ ಹುಡುಕುತ್ತಾರೆ. ಒಂದು ಉದ್ದ ಕೊರಳಿನ ಜಿರಾಫೆ, ಇನ್ನೊಂದು ಚೀನೀ ಮಾದರಿಯ ಡ್ರ್ಯಾಗನ್. ಜಿರಾಫೆ ಆಫ್ರಿಕದ ಪ್ರಾಣಿ. 1414ರಲ್ಲಿ ಬಂಗಾಳದಿಂದಲೂ ಮರುವರ್ಷ ಪೂರ್ವ ಆಫ್ರಿಕದ ಮಾಲಿಂದಿಯಿಂದಲೂ ಜಿರಾಫೆಗಳು ಚೀನದ ಮಿಂಗ್ ಚಕ್ರವರ್ತಿಗೆ ಕಾಣಿಕೆಯಾಗಿ ಹೋದುದು ದಾಖಲಾಗಿದೆ. 1405ರಿಂದ 1433ರವರೆಗೆ ಜೆಂಗ್ ಹೆ ನೇತೃತ್ವದ ಚೀನೀ ನೌಕಾಪಡೆಗಳು ಕಲ್ಲಿಕೋಟೆಗೆ ಮತ್ತೆ ಮತ್ತೆ ಬಂದವು. ಸಾವಿರ ಕಂಬದ ಬಸದಿಯ ಅಡಿಪಾಯ ಏಳುತ್ತಿದ್ದುದು ಇದೇ ದಶಕಗಳಲ್ಲಿ. 1443ರಲ್ಲಿ ಹೀರಾತಿನಿಂದ ಬಂದ ರಾಯಭಾರಿ ಅಬ್ದುರ್ ರಜಾಕನು ಮಂಗಳೂರಿನಲ್ಲಿ ಇಳಿದು ಇಲ್ಲಿನ ಒಳನಾಡಿನ ಮೂಲಕವೇ ವಿಜಯನಗರಕ್ಕೆ ಹೋದನು. ಶಿಲ್ಪಿಯು ಜಿರಾಫೆಯನ್ನು ಕಣ್ಣಾರೆ ಕಂಡನೋ, ಹಡಗಿನವರ ಬಾಯಿಂದ ಕೇಳಿದನೋ, ಅದು ಮುಖ್ಯವಲ್ಲ. ಕಡಲಿನಾಚೆಯ ವಿಸ್ಮಯಕ್ಕೆ ಜಿನಾಲಯದ ಗೋಡೆಯಲ್ಲಿ ಸ್ಥಳವಿತ್ತು, ಅದನ್ನು ಕೆತ್ತಿಸಿದವರಿಗೆ ಅದರಿಂದ ಪಾವಿತ್ರ್ಯ ಕೆಡುವುದೆಂಬ ಭಯವಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ವಾಸ್ತುಶಾಸ್ತ್ರದ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಈ ಬಸದಿಗಳ ಅಂತಸ್ತುಗಳ ಇಳಿಜಾರು ಮಾಡನ್ನು ಕಂಡು ಅವು ನೇಪಾಳದ ಕಟ್ಟಡಗಳನ್ನು ಹೋಲುತ್ತವೆಂದು ಬರೆದನು. ಮಳೆ ಸುರಿಯುವ ನಾಡಿನಲ್ಲಿ ಮರದ ಮನೆಗಳ ಮಾಡನ್ನೇ ಕಲ್ಲಿಗೆ ಇಳಿಸಿದ್ದಾರೆಂಬ ಸರಳ ವಿವರಣೆ ನಮಗೆ ಸಾಕಾಗಬಹುದು. ಆದರೂ ಒಬ್ಬ ಪರದೇಶಿಯು ನಮ್ಮ ಕಟ್ಟಡದಲ್ಲಿ ಇನ್ನೊಂದು ಪರದೇಶವನ್ನು ಕಂಡದ್ದು ಸ್ವಾರಸ್ಯಕರ. ಜಿರಾಫೆಯ ಮುಂದೆ ಕುಳಿತ ಮಗಳು, ‘ಇದು ಪಾಸ್‌ಪೋರ್ಟ್ ಇಲ್ಲದೆ ಬಂದದ್ದು’ ಎಂದಳು.

ಹೊಸ್ಪೆಟ್ಟಿನಲ್ಲಿ ಉಳಿದ ಇಗರ್ಜಿ

ಫರಂಗಿಪೇಟೆಯಲ್ಲಿ ಕೊಟ್ಟ ಮಾತನ್ನು ನಾನು ನಡೆಸಿಕೊಟ್ಟದ್ದು ಮೂಡುಬಿದಿರೆಯ ಚೌಟರ ಅರಮನೆಯ ಮುಂದೆ. ನವನಾರೀಕುಂಜರ, ಪಂಚನಾರೀತುರಗಗಳ ಮರದ ಕೆತ್ತನೆಗಾಗಿ ಈ ಅರಮನೆಯು ಕಲಾಭ್ಯಾಸಿಗಳಿಗೆ ಪರಿಚಿತ. ಚೌಟರು ಜೈನ ಅರಸರು. ಹದಿನಾರನೆಯ ಶತಮಾನದಲ್ಲಿ ಉಳ್ಳಾಲದಿಂದ ಪೋರ್ತುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ ಇದೇ ಮನೆತನದವಳು. ಅವಳ ಪಡೆಯಲ್ಲಿ ಮುಸ್ಲಿಮರೂ ಮೊಗವೀರರೂ ಇದ್ದರೆಂದು ನಾಡಿನ ನೆನಪು ಹೇಳುತ್ತದೆ. ಹೀಗೆ ‘ಫರಂಗಿ’ಯ ವಿರುದ್ಧ ಕಾದಿದ ಕೀರ್ತಿ ಚೌಟರ ಮನೆತನದ್ದು.

ಈಗ 1784ಕ್ಕೆ ಮರಳೋಣ. ಕ್ರೈಸ್ತರ ಸೆರೆಯೊಂದಿಗೆ ಅವರ ಇಗರ್ಜಿಗಳನ್ನೂ ಕೆಡವಲಾಯಿತು. ಕೆನರಾದಲ್ಲಿದ್ದ 27 ಇಗರ್ಜಿಗಳಲ್ಲಿ ನಾಶವಾಗದೆ ಉಳಿದದ್ದು ಮೂಡುಬಿದಿರೆಯ ಸಮೀಪದ ಹೊಸ್ಪೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿ ಒಂದೇ ಎಂದು ಮಂಗಳೂರಿನ ಕ್ರೈಸ್ತ ಇತಿಹಾಸ ಬರಹಗಳು ದಾಖಲಿಸುತ್ತವೆ. ಅದು ಉಳಿದದ್ದು ಮೂಡುಬಿದಿರೆಯ ಚೌಟ ಅರಸನು ಸ್ನೇಹದಿಂದ ನಡುವೆ ಬಂದ ಕಾರಣದಿಂದ ಎಂದೂ ಅವು ಹೇಳುತ್ತವೆ. ಈ ಸಂಗತಿಯನ್ನು ನೆನಪಿನಲ್ಲಿ ಇರಿಸಿಕೊಂಡವರು ಕಾಪಾಡಿದವರಲ್ಲ, ಕಾಪಾಡಲ್ಪಟ್ಟವರು ಎಂಬುದು ಅದರ ಬೆಲೆಯನ್ನು ಹೆಚ್ಚಿಸುತ್ತದೆ.

ಇದನ್ನು ಉತ್ಪ್ರೇಕ್ಷೆಯಿಂದ ಬಣ್ಣಿಸಬೇಕಾಗಿಲ್ಲ. ಅರಸನ ಮನಸ್ಸಿನಲ್ಲಿ ದಯೆಯೊಂದಿಗೆ ಸ್ವಹಿತವೂ ಇದ್ದಿರಬಹುದು. ಇಗರ್ಜಿಗೆ ಹೋಗುವವರು ಅವನ ನಾಡಿನ ಗದ್ದೆಗಳನ್ನು ಉಳುವವರೂ ಆಗಿದ್ದರು. ಆದರೆ ಆ ಹೊತ್ತಿಗೆ ಚೌಟರು ಸ್ವತಂತ್ರರಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಇಕ್ಕೇರಿಯ ಅಧೀನದಲ್ಲಿದ್ದ ತುಳುನಾಡಿನ ಅರಸುಮನೆತನಗಳು 1763ರಲ್ಲಿ ಹೈದರನು ಬಿದನೂರನ್ನು ಗೆದ್ದ ಮೇಲೆ ಮೈಸೂರಿನ ಅಂಕೆಗೆ ಒಳಪಟ್ಟಿದ್ದವು. ಸೈನ್ಯವಿಲ್ಲದ, ಅಧಿಕಾರ ಕುಂದಿದ ಅರಸನೊಬ್ಬನು ವಿಜಯಿಯಾದ ಸುಲ್ತಾನನ ಆಡಳಿತದ ಮುಂದೆ, ರಾಜದ್ರೋಹದ ಆರೋಪ ಹೊತ್ತ ಅನ್ಯಮತೀಯರ ಪರವಾಗಿ ಮಾತನಾಡುವುದು ಸುಲಭದ ಕೆಲಸವಲ್ಲ. ಸಂಶಯವು ತನ್ನ ಕಡೆಗೂ ತಿರುಗಬಹುದಿತ್ತು.

ಇಲ್ಲಿ ಮೂರು ಪ್ರಸಂಗಗಳನ್ನು ಒಟ್ಟಿಗೆ ಇರಿಸಿ ನೋಡಬೇಕು. ಚೌಟರ ರಾಣಿಯು ಕಡಲಿನಿಂದ ಬಂದ ಫರಂಗಿಯೊಡನೆ ಯುದ್ಧ ಮಾಡಿದಳು, ಏಕೆಂದರೆ ಅವನು ಕಪ್ಪ ಕೇಳಿದನು, ಬಂದರನ್ನು ಸುಟ್ಟನು. ಎರಡು ಶತಮಾನಗಳ ಬಳಿಕ ಅದೇ ಮನೆತನದ ಅರಸನು ‘ಫರಂಗಿ’ ಎಂಬ ಹೆಸರು ಹೊತ್ತ ನೆರೆಯವರ ದೇವಾಲಯವನ್ನು ಉಳಿಸಿದನು. ಈ ನಡುವೆ ವೇಣೂರು ಮತ್ತು ಕಾರ್ಕಳದ ಸಾಧರ್ಮಿಗಳು ತಮ್ಮತಮ್ಮಲ್ಲೇ ಕಾದಿದರು. ನಮ್ಮವರು ಮತ್ತು ಪರದೇಶಿಗಳು ಎಂಬ ಗೆರೆಯನ್ನು ಮತ, ಭಾಷೆ, ಹೆಸರುಗಳ ಮೇಲೆ ಎಳೆಯಹೊರಟರೆ ಈ ಮೂರರಲ್ಲಿ ಒಂದೂ ಅರ್ಥವಾಗುವುದಿಲ್ಲ. ಜನರು ಪರಸ್ಪರ ಹೇಗೆ ನಡೆದುಕೊಂಡರೆಂಬುದನ್ನು ನೋಡಿದಾಗ ಮೂರೂ ಅರ್ಥವಾಗುತ್ತವೆ.

ಪೇಟೆ ಮತ್ತು ಅಂಗಡಿ

1784ರ ಪ್ರಸಂಗವು ಇಂದು ವಾದವಿವಾದಗಳಲ್ಲಿ ಆಯುಧವಾಗಿ ಬಳಕೆಯಾಗುತ್ತಿದೆ. ಒಂದು ಪಕ್ಷವು ಕ್ರೌರ್ಯವನ್ನಷ್ಟೇ ಹೇಳುತ್ತದೆ, ಮತ್ತೊಂದು ಪಕ್ಷವು ಅದನ್ನು ಹೇಳದೆ ಬಿಡುತ್ತದೆ. ಫರಂಗಿಪೇಟೆಯ ಹಾಳನ್ನು ಕಂಡವರು ಹೊಸ್ಪೆಟ್ಟಿನ ಇಗರ್ಜಿಯನ್ನೂ ಕಾಣಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಟ್ಟರೆ ಮಕ್ಕಳಿಗೆ ಸಿಗುವುದು ಚರಿತ್ರೆಯಲ್ಲ, ನಮ್ಮ ಸಿಟ್ಟು ಅಥವಾ ನಮ್ಮ ಸಂಕೋಚ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೂ ಒಂದು ಎಳೆಯಿದೆ. ಹದಿನಾರನೆಯ ಶತಮಾನದಲ್ಲಿ ಇದೇ ಮೂಡುಬಿದಿರೆಯ ಕವಿ ರತ್ನಾಕರವರ್ಣಿಯು ‘ಭರತೇಶ ವೈಭವ’ವನ್ನು ರಚಿಸಿದಾಗ ಭರತ ಬಾಹುಬಲಿಯರ ಪ್ರಸಿದ್ಧ ದ್ವಂದ್ವಯುದ್ಧವನ್ನು ಪರಂಪರೆಯಿದ್ದಂತೆ ಸ್ವೀಕರಿಸದೆ, ಅಣ್ಣನ ಮೃದುಮಾತಿನ ಗೆಲುವನ್ನಾಗಿ ಬದಲಾಯಿಸಿದನು. ಪುರಾಣವನ್ನು ತಿದ್ದಿದನೆಂಬ ಆಕ್ಷೇಪ ಅವನ ಮೇಲಿದೆ. ಅರಸುಮನೆತನಗಳು ಸಣ್ಣ ಸಣ್ಣ ಕಾರಣಗಳಿಗೆ ಕಾದುತ್ತಿದ್ದ ನಾಡಿನಲ್ಲಿ ಕವಿಯೊಬ್ಬನು ಯುದ್ಧಕ್ಕೆ ಬದಲಾಗಿ ಮಾತನ್ನು ಆರಿಸಿಕೊಂಡನೆಂಬುದನ್ನು ವೇಣೂರಿನ ಐತಿಹ್ಯದ ಹಿನ್ನೆಲೆಯಲ್ಲಿ ಇಟ್ಟು ಓದಿದರೆ ಆ ಮಾರ್ಪಾಡಿಗೆ ಬೇರೆಯ ಅರ್ಥ ಹೊಳೆಯಬಹುದು. ಕಾವ್ಯವನ್ನು ಅದು ಹುಟ್ಟಿದ ನೆಲದ ಶಾಸನ ಮತ್ತು ಐತಿಹ್ಯಗಳೊಂದಿಗೆ ಓದುವ ಕೆಲಸ ತುಳುನಾಡಿನ ಮಟ್ಟಿಗೆ ಇನ್ನೂ ಬಹಳ ಉಳಿದಿದೆ.

ಬುಕಾನನ್ ನಡೆದ ಈ ಭಾಗದ ಊರುಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿದರೆ ಪೇಟೆ, ಅಂಗಡಿ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ: ಫರಂಗಿಪೇಟೆ, ಬೆಳ್ತಂಗಡಿ, ಹೊಸಂಗಡಿ, ನದಿಯ ಮೇಲ್ಭಾಗದಲ್ಲಿ ಉಪ್ಪಿನಂಗಡಿ. ಕಡಲಿನ ಉಪ್ಪು ಒಳನಾಡಿಗೆ ಏರಿದ, ಘಟ್ಟದ ಮೆಣಸು ಕಡಲಿಗೆ ಇಳಿದ ಸ್ಥಳಗಳಿವು. ಅಪರಿಚಿತರು ಬಂದು ಹೋಗದಿದ್ದರೆ ಅಂಗಡಿ ನಡೆಯದು. ಈ ನಾಡಿನ ಹಿರಿಯರು ಪರದೇಶವನ್ನು ನಿತ್ಯವೂ ತಮ್ಮ ಅಂಗಳದಲ್ಲಿ ಕಂಡವರು, ಅದರೊಂದಿಗೆ ವ್ಯಾಪಾರ ಮಾಡಿದವರು, ಜಗಳವಾಡಿದವರು, ಒಮ್ಮೊಮ್ಮೆ ಅದನ್ನು ಕಾಪಾಡಿದವರು. ವಿದ್ಯಾರ್ಥಿಗಳು ತಮ್ಮ ಊರಿನ ಹೆಸರಿನಿಂದಲೇ ಈ ಹುಡುಕಾಟವನ್ನು ಆರಂಭಿಸಲಿ. ಸಾಧ್ಯವಾದರೆ ಮನೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ. ‘ಹಾಗೆಂದರೆ ಯಾರು?’ ಎಂಬ ಪ್ರಶ್ನೆಯನ್ನು ಅವರು ನಮಗಿಂತ ನಿಸ್ಸಂಕೋಚವಾಗಿ ಕೇಳುತ್ತಾರೆ.